ಡಾಕ್ಟರಿಗೇ ಟೈಮು ಕೊಡುವ ಹುಡುಗಿ

ಬೆಳಗಾವಿಯ ಸದಾಶಿವನಗರದ ಆಸರೆ ಪಾಲಿಕ್ಲಿನಿಕ್ಕಿಗೆ ಫೋನು ಹಚ್ಚಿದರೆ ಮೊದಲು ಕಿವಿಗೆ ಬೀಳುವುದು ಪ್ರಮಿಳಾಳ ದನಿ. "ನಮಸ್ಕಾರ್ರಿ, ಆಸರೆ ಪಾಲಿಕ್ಲಿನಿಕ್, ಪ್ರಮಿಳಾ ಮಾತಾಡಾಕತ್ತೀನಿ, ಹೇಳ್ರಿ" ಎಂದು ಒಂದೇ ಉಸಿರಿನಲ್ಲಿ ಅಂದು ಮುಗಿಸುತ್ತಾಳೆ. ಮೂಳೆಯವರು, ಕಣ್ಣಿನವರು, ಹಲ್ಲಿನವರು, ಚರ್ಮದವರು, ಹೀಗೆ ಅಲ್ಲಿ ಬಂದುಹೋಗುವ ಡಾಕ್ಟರುಗಳೆಲ್ಲ ಯಾರನ್ನು ಯಾವಾಗ ನೋಡಬೇಕು ಎಂದು ಹೊತ್ತು ಗೊತ್ತುಮಾಡುವವಳು ಅವಳೇ. ನೆಹರು ನಗರದ ಕಡೆಯಿಂದ ಬರುವ ಹೆಸರುವಾಸಿ ಡಾಕ್ಟರುಗಳು ಕೂಡ ಒಳಗೆ ಕಾಲಿಡುತ್ತಲೇ "ಪ್ರಮಿಳಾ, ಇವತ್ತ ಎಷ್ಟ ಮಂದಿ?" ಎಂದು ಕೇಳಿಯೇ ಮುಂದೆ ಹೋಗುತ್ತಾರೆ. ಈಗ ಇಷ್ಟು ಗತ್ತಿನಿಂದ ಕುಳಿತಿರುವ ಹುಡುಗಿ ಮೊದಲ ಮೂರು ತಿಂಗಳಲ್ಲೇ ಆ ಕುರ್ಚಿ ಕಳೆದುಕೊಳ್ಳುವುದರಲ್ಲಿದ್ದಳು. ಅದನ್ನು ಹೇಳಬೇಕೆಂದರೆ ಸ್ವಲ್ಪ ಕುರಿಗಳ ವಿಷಯವನ್ನೂ ಹೇಳಬೇಕಾಗುತ್ತದೆ.

ಪ್ರಮಿಳಾಳ ಮನೆ ಖಾನಾಪುರದ ಅಂಚಿನಲ್ಲಿ, ಬೀಡಿ ಎಂಬ ಊರಿನ ಕಡೆ ಹೋಗುವ ರಸ್ತೆಯ ಮೇಲಿದೆ. ಅಪ್ಪ ಬೀರಣ್ಣ ಕುರಿ ಕಾಯುವವನು, ಅವನಪ್ಪನೂ ಕುರಿ ಕಾಯುವವನಾಗಿದ್ದ. ಬಿತ್ತನೆಗೆ ಮುಂಚೆ ಸುತ್ತಲಿನ ರೈತರೆಲ್ಲ ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳಲು ಹಾತೊರೆಯುತ್ತಾರೆ. ರಾತ್ರಿಯಿಡೀ ಹಿಂಡು ಮಲಗೆದ್ದ ನೆಲಕ್ಕೆ ಬೇರೆ ಗೊಬ್ಬರವೇ ಬೇಕಾಗುವುದಿಲ್ಲ. ಎಲ್ಲರಿಗೂ ಬೇಕು, ಮಳೆ ಬೀಳುವುದರೊಳಗೇ ಬೇಕು, ಹಿಂಡು ಮಾತ್ರ ಒಂದೇ. ಈ ತಿಕ್ಕಾಟವನ್ನೆಲ್ಲ ಸಂಭಾಳಿಸುವವಳು ಬೀರಣ್ಣನ ತಾಯಿ ಸಾವಂತ್ರವ್ವ. ಪ್ರಮಿಳಾ ಅಜ್ಜಿಯನ್ನು ಆಯಿ ಎನ್ನುತ್ತಾಳೆ. ಆಯಿ ಯಾರಿಗೂ ತಾರೀಕು ಕೊಡುವವಳಲ್ಲ. "ಹಿಂಡು ಈಗ ಭರಮಣ್ಣನ ಹೊಲದಾಗ ಐತಿ. ಅವನದಾದಮ್ಯಾಲೆ ಗೌರವ್ವಂದು, ಆಕೀದಾದಮ್ಯಾಲೆ ನಿಂದು" ಎನ್ನುತ್ತಾಳೆ, ಅಷ್ಟೇ. ಕೇಳಿದವನು ಗೌರವ್ವನ ಹೊಲದ ಕಡೆ ಒಂದು ಕಣ್ಣಿಟ್ಟುಕೊಂಡಿದ್ದರೆ ಸಾಕು. ಯಾರ ಹಿಂದೆ ಯಾರು ಎನ್ನುವುದು ಊರಿಗೆಲ್ಲ ಗೊತ್ತಿರುವುದರಿಂದ ನಡುವೆ ನುಗ್ಗುವ ಧೈರ್ಯ ಯಾರಿಗೂ ಬರುವುದಿಲ್ಲ.

ಪ್ರಮಿಳಾ ಖಾನಾಪುರದಲ್ಲೇ ಬಿ.ಕಾಂ. ಮುಗಿಸಿ, ಒಂದು ಕಂಪ್ಯೂಟರ್ ಕ್ಲಾಸು ಮುಗಿಸಿ, ಇನ್ನೇನು ಎಂದು ಕೂತಿದ್ದಾಗ ಆಸರೆಯಲ್ಲಿ ಅಪಾಯಿಂಟ್‌ಮೆಂಟ್ ನೋಡಿಕೊಳ್ಳುವ ಕೆಲಸ ಖಾಲಿಯಿದೆ ಎಂದು ಗೆಳತಿಯೊಬ್ಬಳು ಮೊಬೈಲಿನಲ್ಲಿ ಕಳಿಸಿದಳು. ಸಂದರ್ಶನ ಮಾಡಿದವರು ಅಲ್ಲಿಯ ಆಡಳಿತವನ್ನೆಲ್ಲ ನೋಡಿಕೊಳ್ಳುವ ಶುಭದಾ ಮೇಡಮ್. ಖಾಸಬಾಗದವರು, ಮನೆಮಾತು ಮರಾಠಿ. ಕನ್ನಡ ಮಾತಾಡುವಾಗ ಎರಡೂ ಭಾಷೆಯನ್ನು ಒಂದೇ ಚೀಲಕ್ಕೆ ತುಂಬಿಬಿಡುತ್ತಾರೆ, ಖುಷಿಯಾದರೆ ಹುಡುಗಿಯರಿಗೆ ಮರಾಠಿಯ 'ಗ' ಹಚ್ಚಿ ಮಾತಾಡುತ್ತಾರೆ.

"ಒಂದ ಟೈಮಿಗೆ ಇಬ್ಬರೂ ನನಗ ಬೇಕು ಅಂತ ಹಟ ಹಿಡದ್ರ ಏನ ಮಾಡ್ತಿ?" ಎಂದು ಅವರು ಕೇಳಿದರು.

ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದ ಉತ್ತರಗಳೆಲ್ಲ ಆ ಹೊತ್ತಿಗೆ ಸರಿಯಾಗಿ ಕೈಕೊಟ್ಟವು. ತೆರೆದ ಬಾಯಿಂದ ಏನಾದರೂ ಹೊರಗೆ ಬರಲೇಬೇಕಿತ್ತಲ್ಲ, ಕುರಿ ಬಂದವು. ಹಿಂಡು, ಹೊಲ, ಆಯಿ, ಆಯಿಯ ಮುಂದೆ ಕೈಕಟ್ಟಿಕೊಂಡು ನಿಲ್ಲುವ ಗೌಡರು, ಎಲ್ಲವನ್ನೂ ಅವಳು ಗಡಬಡಿಸಿ ಹೇಳಿದಳು. ಹೇಳಿ ಮುಗಿಸಿ, ಮುಗಿಯಿತು ನನ್ನ ಕಥೆ ಎಂದುಕೊಂಡು ಪರ್ಸು ಕೈಗೆತ್ತಿಕೊಂಡಳು. ಶುಭದಾ ಮೇಡಮ್ ಕನ್ನಡಕ ತೆಗೆದು ನಗುತ್ತಿದ್ದರು.

"ಬರೋಬ್ಬರಿ. ಸೋಮವಾರದಿಂದ ಬಾ. ಮೂರು ತಿಂಗಳ ನೋಡ್ತೀನಿ. ಚಲೋ ಮಾಡಿದಿ ಅಂದ್ರ ಕಾಯಮ್ಮು, ಇಲ್ಲಂದ್ರ ಇಲ್ಲ."

ಮನೆಗೆ ಬಂದು ಅವಳು ಹೇಳಿದ್ದು "ನೌಕರಿ ಹತ್ತೇತಿ" ಎಂಬ ಎರಡೇ ಮಾತು. ಮೂರು ತಿಂಗಳ ಮಾತನ್ನು ಗಂಟಲಲ್ಲೇ ನುಂಗಿಕೊಂಡಳು. ಅಲ್ಲಾ, ಹೇಳಬೇಕೆಂದೇ ಇದ್ದಳು, ಆದರೆ ಅಷ್ಟರಲ್ಲಿ ಆಯಿ ಸೆರಗು ಸಿಕ್ಕಿಸಿಕೊಂಡು ಓಣಿಗೆ ಇಳಿದಾಗಿತ್ತು. ಮರುದಿನ ಸಂತೆಯಲ್ಲಿ ಮೆಣಸಿನಕಾಯಿ ತೂಗುವವಳಿಂದ ಹಿಡಿದು ಬಸ್‌ಸ್ಟ್ಯಾಂಡಿನ ಕಂಟ್ರೋಲರ್‌ವರೆಗೆ ಎಲ್ಲರಿಗೂ ಸುದ್ದಿ ತಲುಪಿತು: "ನನ್ನ ಮೊಮ್ಮಗಳು ಬೆಳಗಾವಿಯಾಗ ಡಾಕ್ಟರಿಗೇ ಟೈಮ್ ಕೊಡ್ತಾಳ. ಆಕಿ ಕುಂದರ್ರಿ ಅಂದ್ರ ಡಾಕ್ಟರ್ ಕುಂದರಬೇಕು, ಏಳ್ರಿ ಅಂದ್ರ ಏಳಬೇಕು!" ಇಷ್ಟಾದ ಮೇಲೆ ಮೂರು ತಿಂಗಳಿಗೆ ವಾಪಸ್ಸು ಬಂದು ಕೂತರೆ ಆಯಿ ಸಂತೆಗೆ ಯಾವ ಮುಖ ಇಟ್ಟುಕೊಂಡು ಹೋಗಬೇಕು? ಈ ಕೆಲಸ ಹೇಗಾದರೂ ಮಾಡಿ ಉಳಿಸಿಕೊಳ್ಳಲೇಬೇಕು ಎಂದು ಪ್ರಮಿಳಾ ಆ ದಿನವೇ ಗಟ್ಟಿ ಮನಸ್ಸು ಮಾಡಿಕೊಂಡಳು.

ಸುಳ್ಳು ಯಾಕೆ ಹೇಳಬೇಕು, ಕೆಲಸ ಅವಳಿಗೆ ಹುಚ್ಚು ಹಿಡಿಸಿತು. ಮುಂಜಾನೆಯ ಬಸ್ಸಿಗೆ ಖಾನಾಪುರ ಬಿಟ್ಟು, ಬೆಳಗಾವಿ ಬಸ್‌ಸ್ಟ್ಯಾಂಡಿನಲ್ಲಿಳಿದು, ಸದಾಶಿವನಗರದವರೆಗೆ ಹೆಚ್ಚುಕಡಿಮೆ ಓಡುತ್ತಲೇ ಹೋಗುತ್ತಿದ್ದಳು. ತಲೆಗೆ ಸಿಕ್ಕಿಸಿಕೊಳ್ಳುವ ಫೋನು, ಸುತ್ತಲೂ ತಿರುಗುವ ಕುರ್ಚಿ, ಕಂಪ್ಯೂಟರಿನ ಪರದೆಯ ಮೇಲೆ ಡಾಕ್ಟರಿಗೊಂದು ಬಣ್ಣದ ಚೌಕ. ಮೂಳೆ ಡಾಕ್ಟರ್ ಮಧುಕರ ಅವರದು ಹಸಿರು. ಒಂದೊಂದೇ ಚೌಕ ತುಂಬುತ್ತಾ ಹೋಗಿ ಮಧ್ಯಾಹ್ನದೊಳಗೆ ಇಡೀ ಪರದೆ ಬಣ್ಣಬಣ್ಣವಾದರೆ ಅವಳಿಗೆ ಊಟವೇ ಬೇಡ ಅನ್ನಿಸುವಷ್ಟು ಖುಷಿ. ಯಾರೋ ಒಬ್ಬರು ಬರುವುದಿಲ್ಲವೆಂದು ಫೋನು ಮಾಡಿದರೆ, ಆ ಖಾಲಿ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಿ ಕೂರಿಸುವವರೆಗೆ ಕೈಕಾಲು ಆಡುತ್ತಿರಲಿಲ್ಲ.

ಒಂದೇ ತೊಡಕು. ಹಳ್ಳಿಯಿಂದ ಫೋನು ಮಾಡುವವರಿಗೆ "ಹನ್ನೊಂದೂವರಿಗೆ ಬರ್ರಿ" ಎಂದರೆ ಅದೊಂದು ಮಾತೇ ಅಲ್ಲ. ಅವರು ಮೊದಲ ಬಸ್ಸಿಗೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದು, ಬಾಗಿಲು ತೆರೆಯುವ ಮುಂಚೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಆಮೇಲೆ ನಾ ಮೊದಲು ನೀ ಮೊದಲು ಎಂದು ಗದ್ದಲ. ಪ್ರಮಿಳಾ ಇದಕ್ಕೆ ಮನೆಮದ್ದು ಹುಡುಕಿದಳು. ಗಂಟೆಯ ಜೊತೆಗೆ "ಕಣಬರಗಿಯ ಅಕ್ಕಾರ ಆದಮ್ಯಾಲೆ ನೀವ್ರಿ", "ನಂದಗಡದ ಮಾಸ್ತರ್ ಆದಮ್ಯಾಲೆ ನೀವ್ರಿ" ಎಂದು ಮುಂದಿನವರ ಹೆಸರು, ಊರು ಹೇಳತೊಡಗಿದಳು. ಎಷ್ಟು ಚೆನ್ನಾಗಿ ನಡೆಯಿತೆಂದರೆ, ಜನ ತಾವೇ ತಮ್ಮ ಮುಂದಿನವರನ್ನು ಹುಡುಕಿಕೊಂಡು, ಮಾತಾಡಿಸಿ, ಅವರು ಒಳಗೆ ಹೋಗುವವರೆಗೆ ಹೊರಗೆ ಚಹಾ ಕುಡಿದು ಬರುತ್ತಿದ್ದರು. ಗದ್ದಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. "ಏನ ಜಾದೂ ಮಾಡಿದಿ ಗ?" ಎಂದು ಶುಭದಾ ಮೇಡಮ್ ಬೆನ್ನು ತಟ್ಟಿದರು. ಪ್ರಮಿಳಾ ಗುಟ್ಟು ಬಿಡಲಿಲ್ಲ. ಸಂಜೆಯ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ಒಬ್ಬಳೇ ಮುಸಿಮುಸಿ ನಕ್ಕಳು.

ಅಷ್ಟರಲ್ಲಿ ಬಂದರು ಗಜಾನನ ವಸ್ತಾದರು.

ಖಾನಾಪುರದ ಕಡೆ ಕುಸ್ತಿ ಆಡುವ ಹುಡುಗರೆಲ್ಲ ಇವರ ಗರಡಿಮನೆಯ ಮಣ್ಣು ಮೈಗೆ ಬಳಿದುಕೊಂಡವರೇ. ಆಳು ಇನ್ನೂ ಬಾಗಿಲು ತುಂಬುವಂತಿದ್ದಾರೆ, ಮೀಸೆಗೆ ಮಾತ್ರ ಬಿಳುಪು ಬಂದಿದೆ. ಅವರು ಊರಲ್ಲಿ ಯಾರಿಗೂ ಹೇಳದೆ ಮಧುಕರ ಡಾಕ್ಟರಿಗೆ ಎಡ ಮೊಣಕಾಲು ತೋರಿಸಲು ಬರುತ್ತಿದ್ದರು. ಅದೇ ದಿನಕ್ಕೆ ಖಾನಾಪುರದ ದರ್ಜಿ ಮುತ್ತಪ್ಪ ಸೊಂಟನೋವೆಂದು ಫೋನು ಮಾಡಿದ.

"ನೀವು ಗಜಾನನ ವಸ್ತಾದ್ರ ಆದಮ್ಯಾಲ್ರಿ" ಎಂದಳು ಪ್ರಮಿಳಾ, ದಿನದಂತೆ.

"ಯಾವ ವಸ್ತಾದ್ರು? ನಮ್ಮ ಗರಡಿಮನಿಯವರಾ?"

"ಹೌದ್ರಿ, ಅವರ."

ದರ್ಜಿಯ ಅಂಗಡಿ ಎಂದರೆ ಗೊತ್ತಲ್ಲ, ಅಲ್ಲಿ ಬಟ್ಟೆಗಿಂತ ಹೆಚ್ಚು ಸುದ್ದಿ ಹೊಲಿದು ಕೊಡುತ್ತಾರೆ. ಮುಂದಿನ ಸಲ ವಸ್ತಾದರು ಬಂದಾಗ ಕುರ್ಚಿಯಲ್ಲಿ ಕೂಡಲಿಲ್ಲ. ನೇರವಾಗಿ ಪ್ರಮಿಳಾಳ ಮೇಜಿನ ಮುಂದೆ ಬಂದು ನಿಂತರು.

"ನಾ ಇಲ್ಲಿ ಬರೂದು ಖಾನಾಪುರಕ್ಕ ಯಾರು ಹೇಳಿದ್ರು?"

ಅವಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಮುತ್ತಪ್ಪನ ಫೋನು ನೆನಪಾಯಿತು. ನನಗೇನು ಗೊತ್ತು ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆ ಹುಡುಗಿಗೆ ಸುಳ್ಳು ಹೇಳುವುದು ಅಷ್ಟು ಬೇಗ ನೆನಪಾಗುವುದಿಲ್ಲ. "ನಾನ ಹೇಳಿದ್ನಿರಿ" ಎಂದಳು.

ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿದ್ದಳು. ವಸ್ತಾದರ ದನಿ ಏರಲೇ ಇಲ್ಲ, ಅದೇ ಕೇಳಲಾಗದಂತಿತ್ತು. "ನಿನ್ನೆ ಮಣ್ಣಿಗೆ ಇಳಿಯೂವಾಗ ಹುಡುಗೂರು ನನಗ ಕೈ ಕೊಟ್ಟರು. ಹಿಡಕೋರಿ, ಸಾವಕಾಶ ಇಳೀರಿ ಅಂದ್ರು. ನನಗ! ಅವರನ್ನೆಲ್ಲ ಎತ್ತಿ ಒಗದಾಂವ ನಾನು." ಅಷ್ಟು ಹೇಳಿ ಶುಭದಾ ಮೇಡಮ್ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಮೇಡಮ್ ಅವಳನ್ನು ಕರೆದರು. ಕುರಿಯ ಸರದಿಯ ಜಾದೂ ಏನೆಂದು ಆಗ ಅವರಿಗೂ ಗೊತ್ತಾಯಿತು. ಸಿಟ್ಟು ಬಂದಾಗ ಅವರ ಮಾತಿನಲ್ಲಿ ಮರಾಠಿ ಹೆಚ್ಚಾಗುತ್ತದೆ, ಆ ದಿನ ಮಾತ್ರ ಅಚ್ಚ ಕನ್ನಡದಲ್ಲೇ ಬೈದರು.

"ಹೊಲ ಬಯಲಾಗ ಬಿದ್ದಿರ್ತದ ಪ್ರಮಿಳಾ, ಯಾರ ಬೇಕಾದ್ರೂ ನೋಡಬಹುದು. ಮೊಣಕಾಲ ಧೋತರದ ಒಳಗ ಇರ್ತದ. ಅದು ಅವರದು. ಯಾರು ಬರ್ತಾರ, ಯಾಕ ಬರ್ತಾರ, ಹೆಂಡತಿ ಕೇಳಿದ್ರೂ, ಮಗ ಕೇಳಿದ್ರೂ ನಾವು ಹೇಳಾಕ ಬರೂದಿಲ್ಲ. ವಸ್ತಾದರ ತಕರಾರು ಡಾಕ್ಟರ್ ತನಕ ಹೋಗೇದ. ತಿಂಗಳ ಕಡೀ ಶನಿವಾರಕ್ಕ ನಿನ್ನ ಮೂರು ತಿಂಗಳ ಮುಗೀತದ. ಅಷ್ಟರಾಗ ಇನ್ನೊಂದ ಹೆಸರು ನಿನ್ನ ಬಾಯಿಂದ ಹೊರಗ ಬಿತ್ತೋ, ನಾ ಏನೂ ಮಾಡಾಕ ಆಗೂದಿಲ್ಲ."

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಮೊದಲು ಅತ್ತಳು. ಕುರ್ಚಿ ಹೋಗುತ್ತದೆಂಬ ಭಯಕ್ಕಿಂತ, ಅಷ್ಟು ದೊಡ್ಡ ಆಳಿಗೆ ಎಳೆಯ ಹುಡುಗರು ಕೈ ಕೊಟ್ಟರಲ್ಲ, ಅದು ಎದೆಯಲ್ಲಿ ಚುಚ್ಚುತ್ತಿತ್ತು. ಆಮೇಲೆ ಕಣ್ಣೊರೆಸಿಕೊಂಡು ಅಭ್ಯಾಸಕ್ಕೆ ನಿಂತಳು. "ಹೇಳಾಕ ಬರೂದಿಲ್ರಿ." ಮೊದಲನೆಯದು ಜಗಳದಂತೆ ಕೇಳಿಸಿತು. "ಹೇಳಾಕ ಬರೂದಿಲ್ರೀ..." ಇದು ಅಳುವಂತೆ. ಪಕ್ಕದಲ್ಲಿ ಕೂತಿದ್ದ ಹೆಂಗಸು "ಏನವಾ, ಯಾರು ಏನ ಕೇಳಿದ್ರು?" ಎಂದು ಗಾಬರಿಯಾದಳು. ಪ್ರಮಿಳಾ ಅವಳಿಗೂ ಅದನ್ನೇ ಹೇಳಿ ನೋಡಿದಳು. ಖಾನಾಪುರ ಬರುವಷ್ಟರಲ್ಲಿ ಮಾತು ಸಿಟ್ಟೂ ಇಲ್ಲದೆ ಅಳುವೂ ಇಲ್ಲದೆ ನಯವಾಗಿ ನಾಲಿಗೆಗೆ ಕೂತಿತ್ತು.

ಮರುದಿನದಿಂದ ಆ ಮಾತಿಗೆ ಎಡೆಬಿಡದ ಕೆಲಸ. ಖಾನಾಪುರದ ಕಡೆಯಿಂದ ಮೊಣಕಾಲಿನವರ ಫೋನು ಒಂದರ ಮೇಲೊಂದು ಬರತೊಡಗಿದವು. ವರ್ಷಗಟ್ಟಲೆ ಎಣ್ಣೆ ತಿಕ್ಕಿಕೊಂಡು, ಹಲ್ಲು ಕಚ್ಚಿಕೊಂಡು ಮುಚ್ಚಿಟ್ಟವರು, ವಸ್ತಾದರೇ ಹೋಗಿದ್ದಾರೆಂದ ಮೇಲೆ ನಮಗೇನು ನಾಚಿಕೆ ಎಂದು ಧೈರ್ಯ ಮಾಡಿದ್ದರು. "ವಸ್ತಾದ್ರು ಯಾವತ್ತ ಬರ್ತಾರವಾ?" ಎಂದು ಎಲ್ಲರೂ ಕೇಳುವವರೇ. "ಹೇಳಾಕ ಬರೂದಿಲ್ರಿ. ನಿಮಗ ಬುಧವಾರ ಆಗ್ತೈತೇನ್ರಿ?" ಎಂದು ಅವಳು ಮಾತು ತಿರುಗಿಸುತ್ತಿದ್ದಳು. ಹಸಿರು ಚೌಕಗಳೆಲ್ಲ ತುಂಬಿ ತುಳುಕಿದವು. ತಪ್ಪು ಮಾಡಿದ ಸಂಕಟದ ನಡುವೆಯೂ ಅದನ್ನು ನೋಡಿ ಖುಷಿಪಡದಿರಲು ಆಗಲಿಲ್ಲ ಅವಳಿಗೆ, ಪಾಪ.

ಆ ಕೊನೆಯ ವಾರದ ಒಂದು ಮಧ್ಯಾಹ್ನ ಫೋನು ರಿಂಗಾಯಿತು. ಆ ಕಡೆಯಿಂದ ಪಿಸುಮಾತು.

"ಪ್ರಮಿಳಾ ಏನ?"

"ಆಯಿ? ಯಾಕ, ಏನಾತು?"

"ಸುಮ್ನಿರ. ನಾ ಈಗ ಪೇಶಂಟ್ ಅದೀನಿ." ಆಯಿ ಗಂಟಲು ಸರಿಮಾಡಿಕೊಂಡಳು. "ಮೊಣಕಾಲ. ಎರಡೂ. ನಿಮ್ಮಪ್ಪಗ ಹೇಳಬ್ಯಾಡ. ಅವಗ ತಿಳೀತಂದ್ರ ನಾಳಿಂದ ನನ್ನ ಕುರಿ ಹಿಂದ ಬಿಡೂದಿಲ್ಲ, ಕಟ್ಟಿ ಮ್ಯಾಲೆ ಕುಂದರಸ್ತಾನ. ಶನಿವಾರ ಅಂವ ಮನ್ಯಾಗ ಇರೂದಿಲ್ಲ. ಅವತ್ತ ಟೈಮ್ ಕೊಡು."

ಪ್ರಮಿಳಾ ಬೆಳಗಿನ ಚೌಕವೊಂದರಲ್ಲಿ ಅಜ್ಜಿಯ ಹೆಸರು ಹಾಕಿದಳು. ಆಯಿ ಬಿಡಲಿಲ್ಲ. "ನಾ ಯಾರ ಆದಮ್ಯಾಲೆ?"

"ಹೇಳಾಕ ಬರೂದಿಲ್ಲ, ಆಯಿ."

"ನನಗೂ?"

"ನಿನಗೂ."

ಹಿಂಡಿನ ಸರದಿ ಮುಚ್ಚಿಡಬಾರದು ಎಂದು ಜೀವನವಿಡೀ ನಡೆಸಿಕೊಂಡು ಬಂದ ಮುದುಕಿಗೆ ಇದು ಹಿಡಿಸಲಿಲ್ಲ. ಫೋನು ಕುಕ್ಕಿದಂತೆ ಇಟ್ಟಳು.

ಮರುದಿನ ಇನ್ನೊಂದು ಫೋನು. "ಮೇಡಮ್ಮಾರ, ನಮಸ್ಕಾರ್ರಿ. ಒಂದ ಮೊಣಕಾಲ ತೋರಸಬೇಕಾಗಿತ್ರಿ" ಎಂದಿತು ಗಡಸು ಗಂಡುದನಿ. ಅಪ್ಪ! ಫೋನು ಎತ್ತಿದವಳು ಮಗಳೇ ಎಂದು ತಿಳಿದ ಮೇಲೆ ಬೀರಣ್ಣ ದನಿ ತಗ್ಗಿಸಿದ. ಆಮೇಲೆ, "ನಿಮ್ಮಾಯಿಗೆ ಗೊತ್ತಾಗಬಾರದವಾ. ಗೊತ್ತಾತಂದ್ರ ನನ್ನ ಮನ್ಯಾಗ ಕುಂದರಿಸಿ ಈ ವಯಸ್ಸಿನ್ಯಾಗ ತಾನ ಹಿಂಡಿನ ಹಿಂದ ಓಡ್ತಾಳ. ಶನಿವಾರ ಒಂದ ದಿನ ಕುರಿ ನೋಡಾಕ ನಾಗಲಿಂಗ ಒಪ್ಪ್ಯಾನ. ಆಯಿಗೆ ಕುರಿ ಔಷಧ ತರಾಕ ಹೊಂಟೀನಿ ಅಂದೀನಿ" ಎಂದ. ನಾಗಲಿಂಗ ಎಂದರೆ ಅವನ ತಮ್ಮ.

ಪ್ರಮಿಳಾ ಕೆಳತುಟಿ ಕಚ್ಚಿಕೊಂಡು ಸಂಜೆಯ ಕೊನೆಯ ಚೌಕದಲ್ಲಿ ಅಪ್ಪನನ್ನು ಕೂರಿಸಿದಳು. ಒಬ್ಬರು ಬಂದು ಹೋಗಿ ಊರು ಮುಟ್ಟಿದ ಮೇಲೆ ಇನ್ನೊಬ್ಬರು ಬರಬೇಕು, ಹಾಗೆ. ತಾಯಿ ಮಗ ಒಂದೇ ಸೂರಿನ ಕೆಳಗೆ ಒಬ್ಬರಿಗೊಬ್ಬರು ಕುಂಟುವುದನ್ನು ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದಾರೆ, ಅದು ಗೊತ್ತಿರುವುದು ಅವಳೊಬ್ಬಳಿಗೆ. ನಗು ಬರುತ್ತಿತ್ತು, ಪಾಪವೂ ಅನ್ನಿಸುತ್ತಿತ್ತು.

ಶನಿವಾರ ಬಂತು. ಆಯಿ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಮೂಗಿನ ನತ್ತು ಸರಿಮಾಡಿಕೊಂಡು ಒಳಗೆ ಬಂದಳು. ಒಳಗೆ ಕೂತಿದ್ದ ವಸ್ತಾದರನ್ನು ಕಂಡು "ಏನ ಗಜಾನನ, ಬಂದಿ? ನಾನೂ ಬಂದೀನಿ ತಗೋ" ಎಂದಳು. ವಸ್ತಾದರು ಎದ್ದು ನಿಂತು ಕೈಮುಗಿದರು. ಅವರಿಗೆ ಆ ದಿನ ಮೊಣಕಾಲಿಗೆ ಶಾಖ ಕೊಡುವುದಿತ್ತು. ಪ್ರಮಿಳಾಳ ಕಡೆ ತಿರುಗಿಯೂ ನೋಡಲಿಲ್ಲ.

ಡಾಕ್ಟರು ಆಯಿಗೆ ಎಕ್ಸ್-ರೇ ಬರೆದರು. ಆ ಯಂತ್ರಕ್ಕೆ ಅವತ್ತೇ ಮುನಿಸು ಬರಬೇಕೆ? ರಿಪೇರಿಯವನನ್ನು ಕರೆಸಿದರು, ಆಯಿ ಒಳಗಿನ ಕೋಣೆಯಲ್ಲಿ ಕಾಯುತ್ತಾ ಕೂತಳು. ಒಂದು ತಾಸು ಹೋಯಿತು, ಇನ್ನೊಂದೂ ಹೋಯಿತು. ವಸ್ತಾದರು ಶಾಖ ಮುಗಿಸಿಕೊಂಡು ಬಂದು ಮತ್ತೆ ಹೊರಗಿನ ಕುರ್ಚಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದರು. ಸಂಜೆಗೆ ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ಪ್ರಮಿಳಾ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿರುವಾಗ, ಗಾಜಿನ ಬಾಗಿಲ ಆಚೆ ಕೆಂಪು ರುಮಾಲು ಕಾಣಿಸಿತು. ಹೆಗಲ ಮೇಲೆ ಕಂಬಳಿ. ಅಪ್ಪನಿಗೆ ಗುರುತಿನವರ ಟೆಂಪೋ ಸಿಕ್ಕಿತ್ತಂತೆ.

ಬೀರಣ್ಣ ಚಪ್ಪಲಿ ಬಿಡಲು ಬಗ್ಗಿದವನು ಬಗ್ಗಿದಂತೆಯೇ ನಿಂತ. ಅಲ್ಲಿ ಸಾಲಿನಲ್ಲಿದ್ದವು ಆಯಿಯ ಚಪ್ಪಲಿ. ಟಯರಿನ ಅಟ್ಟೆ ಹಚ್ಚಿ, ಕೆಂಪು ಬಾರು ಹಾಕಿಸಿ, ಖಾನಾಪುರದಲ್ಲಿ ಅವನೇ ಹೊಲಿಸಿಕೊಟ್ಟಿದ್ದು. ಕುರಿಯ ಹಿಂಡಿನಲ್ಲಿ ಒಂದೊಂದು ಕುರಿಯನ್ನೂ ಗುರುತು ಹಿಡಿಯುವವನಿಗೆ ತಾಯಿಯ ಚಪ್ಪಲಿ ತಿಳಿಯದೆ ಇರುತ್ತದೆಯೇ?

"ಪ್ರಮೀ, ಇವು ಆಯಿ ಚಪ್ಪಲಿ ಇದ್ದಂಗ ಅದಾವಲ್ಲ? ಆಕಿ ಬಂದಾಳೇನು?"

ಶುಭದಾ ಮೇಡಮ್ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಇಲ್ಲ ಎಂದರೆ ಸುಳ್ಳು, ಹೌದು ಎಂದರೆ ಅಲ್ಲಿಗೆ ಕುರ್ಚಿಗೂ ಆಯಿಗೂ ಒಟ್ಟಿಗೇ ಮೋಸ. ಪ್ರಮಿಳಾ ಬಸ್ಸಿನಲ್ಲಿ ಕಲಿತ ದನಿಯನ್ನು ಹುಡುಕಿ ತೆಗೆದಳು.

"ಯಾರು ಬಂದಾರ, ಯಾರು ಬಂದಿಲ್ಲ ಅಂತ ಹೇಳಾಕ ಬರೂದಿಲ್ರಿ."

ಮಗಳು ತನಗೆ 'ರೀ' ಹಚ್ಚಿದ್ದನ್ನು ಕೇಳಿ ಬೀರಣ್ಣ ಪಿಳಿಪಿಳಿ ನೋಡಿದ. ಆಮೇಲೆ ಕುರ್ಚಿಯಲ್ಲಿದ್ದ ಆಳ ಕಡೆ ತಿರುಗಿದ. "ವಸ್ತಾದ್ರ, ನಮಸ್ಕಾರ್ರಿ. ನೀವು ಮುಂಜಾನಿಂದ ಇಲ್ಲೇ ಇದ್ದಂಗ ಐತಿ. ನಮ್ಮವ್ವನ್ನ ನೋಡಿದ್ರೇನು?"

ವಸ್ತಾದರು ಆಗ ಪ್ರಮಿಳಾಳನ್ನು ನೋಡಿದರು. ಆ ತಕರಾರಿನ ನಂತರ ಮೊದಲ ಸಲ ನೇರವಾಗಿ ನೋಡಿದರು. ಹೌದು, ಒಳಗಿದ್ದಾಳೆ ಎಂದು ಅವರೊಂದು ಮಾತು ಅಂದಿದ್ದರೆ ಲೆಕ್ಕ ಚುಕ್ತಾ ಆಗಿಬಿಡುತ್ತಿತ್ತು.

"ಆ ಚಪ್ಪಲಿ ನನ್ನವು" ಎಂದರು ವಸ್ತಾದರು.

ಬೀರಣ್ಣ ಚಪ್ಪಲಿ ನೋಡಿದ, ವಸ್ತಾದರ ಹಲಗೆಯಂಥ ಪಾದ ನೋಡಿದ. "ನಿಮ್ಮವಾ?"

"ನಮ್ಮ ಮನ್ಯಾಕೀವು. ಅವಸರದಾಗ ಸಿಕ್ಕವನ್ನ ಹಾಕ್ಕೊಂಡ ಬಂದೆ. ಯಾಕ, ಏನಾತು ನಿನಗ?"

"ಏನಿಲ್ಲ ಬಿಡ್ರಿ" ಎಂದು ಬೀರಣ್ಣ ಬಾಗಿಲಿಗೆ ಎದುರಾಗಿ, ಆ ಚಪ್ಪಲಿಯ ಮೇಲೇ ಕಣ್ಣಿಟ್ಟು ಕೂತುಬಿಟ್ಟ.

ಈಗ ವಸ್ತಾದರಿಗೆ ಬೇರೆ ದಾರಿ ಇರಲಿಲ್ಲ. ಎದ್ದರು. ತಮ್ಮ ಕೊಲ್ಹಾಪುರಿ ಜೋಡಿನ ಕಡೆ ಕಣ್ಣೆತ್ತಿಯೂ ನೋಡದೆ ಆಯಿಯ ಚಪ್ಪಲಿಯಲ್ಲಿ ಬೆರಳು ತೂರಿಸಿದರು. ಹಿಮ್ಮಡಿ ಪೂರ್ತಿ ಹೊರಗೇ ಉಳಿಯಿತು. ಕುಂಟುವುದು ಯಾರ ಕಣ್ಣಿಗೂ ಬೀಳಬಾರದೆಂದು ಒದ್ದಾಡಿದ ಮನುಷ್ಯ, ಕೂತವರೆಲ್ಲ ನೋಡುತ್ತಿರುವಾಗ, ತುದಿಗಾಲಲ್ಲಿ ಕುಂಟುತ್ತಾ ಒಂದೊಂದೇ ಮೆಟ್ಟಿಲಿಳಿದು ರಸ್ತೆಯಾಚೆಯ ಚಹಾದಂಗಡಿಗೆ ಹೋದರು. ಯಾರೋ ಕಿಸಕ್ಕನೆ ನಕ್ಕರು. ಪ್ರಮಿಳಾಳ ಕಣ್ಣಲ್ಲಿ ನೀರು ತುಂಬಿತು.

"ನೀವು ಒಳಗ ಬರ್ರಿ, ಮೊದಲು ಬಿ.ಪಿ. ನೋಡ್ತಾರ" ಎಂದು ಅವಳು ಅಪ್ಪನನ್ನು ನರ್ಸ್ ಕೋಣೆಗೆ ಕಳಿಸಿದಳೋ ಇಲ್ಲವೋ, ಎಕ್ಸ್-ರೇ ಮುಗಿಸಿಕೊಂಡು, ಡಾಕ್ಟರನ್ನೂ ಕಂಡು ಆಯಿ ಆ ಕಡೆ ಬಾಗಿಲಿಂದ ಹೊರಬಂದಳು.

"ಚಪ್ಪಲಿ ಎಲ್ಲಿ ನನ್ನವು?"

"ಚಹಾದಂಗಡಿ ಮುಂದ ವಸ್ತಾದ್ರ ಕಾಲಾಗ ಅದಾವು. ಲಗೂನ ಹೋಗು."

"ಅವನ ಕಾಲಾಗ ಯಾಕ?"

"ಅದನ್ನ ಹೇಳಾಕ ಬರೂದಿಲ್ಲ, ಆಯಿ!"

ಸ್ವಲ್ಪ ಹೊತ್ತಿನ ಮೇಲೆ ವಸ್ತಾದರು ಬರಿಗಾಲಲ್ಲಿ ವಾಪಸ್ಸು ಬಂದು ತಮ್ಮ ಜೋಡು ಮೆಟ್ಟಿದರು. ಶುಭದಾ ಮೇಡಮ್ ಬಾಗಿಲವರೆಗೆ ಹೋಗಿ, "ವಸ್ತಾದ್ರ, ನಿಮ್ಮ ತಕರಾರಿಂದು ಇವತ್ತ ಒಂದ ನಿಕಾಲಿ ಮಾಡಬೇಕಾಗೇದ" ಎಂದರು.

"ಯಾವ ತಕರಾರ್ರಿ? ಈ ಹುಡುಗಿ ತನ್ನ ಹಡದಪ್ಪಗ 'ರೀ' ಅಂದ್ಲು, ಹೆಸರು ಮಾತ್ರ ಬಿಡಲಿಲ್ಲ. ಇಂಥಾಕೀನ್ನ ಬಿಟ್ಟರ ನಿಮಗ ಬ್ಯಾರೆ ಯಾರು ಸಿಗ್ತಾರ?" ಹೊರಡುವ ಮುಂಚೆ ಅವರು ಪ್ರಮಿಳಾಳ ಮೇಜಿನ ಹತ್ತಿರ ಬಗ್ಗಿದರು. "ಮುಂದಿನ ವಾರ ನನಗೊಂದ ಟೈಮ್ ಹಾಕು. ಮುತ್ತಪ್ಪ ಇಲ್ಲದ ದಿನ."

ಎಲ್ಲ ಮುಗಿದ ಮೇಲೆ ಶುಭದಾ ಮೇಡಮ್ ಪರದೆಯ ಮೇಲೆ ಬೆರಳಿಟ್ಟು, "ಇವರಿಬ್ಬರೂ ನಿಮ್ಮ ಮನಿಯವರ ಹೌದಲ್ಲ?" ಎಂದರು. ಮೇಡಮ್‌ಗೆ ಹೇಳಬಹುದು ಎಂದು ನೆನಪಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಹೇಳಿದಾಗ ಅವರು ಕನ್ನಡಕ ತೆಗೆದು, ಮೊದಲ ದಿನದಂತೆಯೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕಾಯಮ್ಮು ಗ ನೀನು. ಇವತ್ತಿನಿಂದ."

ಆ ಸಂಜೆ ಬಸ್ಸಿನಲ್ಲಿ ಅವಳಿಗೆ ಕೂಡಲು ಜಾಗ ಸಿಕ್ಕಿತ್ತು, ಆದರೂ ನಿಂತೇ ಬಂದಳು. ಕೂಡಲು ಆಗುತ್ತಿರಲಿಲ್ಲ. ಇಳಿದವಳೇ ಓಡಿ ಹೋಗಿ ಮನೆಮಂದಿಗೆಲ್ಲ ಕೂಗಿ ಹೇಳಬೇಕು ಎಂದುಕೊಂಡು ಹೊಸ್ತಿಲು ದಾಟಿದಾಗ ನೆನಪಾಯಿತು, ಇವರ ಲೆಕ್ಕದಲ್ಲಿ ತಾನು ಮೂರು ತಿಂಗಳ ಹಿಂದೆಯೇ ಕಾಯಮ್ಮು! ಈಗೇನೆಂದು ಹೇಳುವುದು? ಉಕ್ಕಿ ಬರುತ್ತಿದ್ದ ಖುಷಿಯನ್ನು ನುಂಗಿಕೊಂಡು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು.

ಕುರಿ ಹಟ್ಟಿಯ ಹಿಂದೆ ಕಂಬಳಿ ಹಾಸಿಕೊಂಡು ಅಪ್ಪ ಕಾಲು ಚಾಚಿ ಕೂತಿದ್ದ. ಡಾಕ್ಟರು ಹೇಳಿದಂತೆ ಮೊಣಕಾಲ ಕೆಳಗೆ ಟವೆಲು ಸುತ್ತಿಟ್ಟು, ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಿದ್ದ. ಅವಳು ಸದ್ದು ಮಾಡದೆ ಹಿಂದಕ್ಕೆ ಸರಿದಳು. ಹಟ್ಟಿಗೆ ಅಂಟಿಕೊಂಡ ಕೋಣೆಯ ಬಾಗಿಲು ಓರೆಯಾಗಿತ್ತು. ಒಳಗೆ ಆಯಿ ಕಾಲು ಚಾಚಿ ಕೂತಿದ್ದಳು. ಮೊಣಕಾಲ ಕೆಳಗೆ ಟವೆಲು ಸುತ್ತಿಟ್ಟು, ಹಲ್ಲು ಕಚ್ಚಿ ಒತ್ತುತ್ತಿದ್ದಳು. ನಡುವೆ ಇದ್ದದ್ದು ಒಂದೇ ಗೋಡೆ.

ಪ್ರಮಿಳಾ ಚೂಡಿದಾರದ ದುಪಟ್ಟಾವನ್ನೇ ಬಾಯಿಗೆ ತುರುಕಿಕೊಂಡು ಅಂಗಳದ ನಡುವೆ ನಿಂತು ನಕ್ಕಳು. ಎಷ್ಟು ನಕ್ಕಳೆಂದರೆ ಕೊನೆಗೆ ಅದು ಅಳುವೋ ನಗುವೋ ತಿಳಿಯದಂತಾಯಿತು. ಈ ಮನೆಯ ಗುಟ್ಟೆಲ್ಲ ತನ್ನ ಹೊಟ್ಟೆಯಲ್ಲಿದೆ, ಅದಕ್ಕೆ ತನ್ನದೂ ಒಂದು ಸೇರಿಕೊಂಡಿದೆ. ಹಿಂಡನ್ನು ಯಾರ ಹೊಲದಲ್ಲಿ ನಿಲ್ಲಿಸಿದ್ದೇವೆಂದು ಊರಿಗೆಲ್ಲ ಕೂಗಿ ಹೇಳುವ ಮನೆಯಲ್ಲಿ ಇಂಥ ಹುಡುಗಿ ಹುಟ್ಟಿದ್ದಾಳೆ ಎಂದು ಅವಳಿಗೇ ತನ್ನ ಬಗ್ಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಕೂಗಿದಳು, "ಪ್ರಮೀ, ಮುಖ ಒರಸಾಕ ಒಂದ ಟವೆಲ್ ಸಿಗವಲ್ದು. ಮನ್ಯಾಗಿನ ಎರಡೂ ಟವೆಲ್ ಎಲ್ಲಿ ಹೋದ್ವು, ಏನರ ಗೊತ್ತೇನು ನಿನಗ?"

"ಹೇಳಾಕ ಬರೂದಿಲ್ರಿ!" ಎಂದಳು ಪ್ರಮಿಳಾ.